ಟಾವೆಲ್ಲಿನ ಕೆಳಗೆ ಹೊನ್ನವ್ವನ ಕೈ

೪ ಮೇ ೨೦೨೫, ಮುಂಜಾನೆ ೬

ನೆರೆದ ಮಹಾಜನರೇ, ಚಾಪೆಯ ಮೇಲಿನ ಹಿರಿಯರೇ, ಬೇವಿನ ಗಿಡ ಏರಿ ಕೂತ ತುಂಟರೇ, ಬಾಗಿಲ ಮರೆಯಲ್ಲಿ ನಿಂತ ತಾಯಂದಿರೇ — ಸದ್ದು ಮಾಡಬೇಡಿ, ಕಥೆ ಶುರು.

ಯಾರೂ ಇಲ್ಲ, ಗೊತ್ತು. ಪಾತ್ರಗಳ ಮಾತು ನಕಲು ಮಾಡುತ್ತಿದ್ದ ನೋಟ್‌ಬುಕ್ಕಿನ ಹಿಂದಿನ ಹಾಳೆಗಳು ಇವು. ಆದರೂ ಹೀಗೆ ಕೂಗದೆ ನನಗೆ ಒಂದು ಸಾಲೂ ಬರೆಯಲು ಬರುವುದಿಲ್ಲ. ನಲವತ್ತು ವರ್ಷ ಊರೂರಿನ ಹುಡುಗರಿಗೆ ನಾಟಕ ಕಲಿಸಿ, ರಾಜನ ವೇಷ ಕಟ್ಟಿದ ಚಟ. ಯಂಕಂಚಿಯ ಬಸಂತರಾಯ ಮಾಸ್ತರ ಅಂದರೆ ಮೈಕ್ ಇಲ್ಲದೆ ಮೂರು ಹೊಲದಾಚೆ ಕೇಳುವ ಕಂಠ.

ಹೊನ್ನವ್ವ ಹಿತ್ತಿಲಲ್ಲಿ ಹೋತಗಳಿಗೆ ನೀರು ತೋರಿಸುತ್ತಿದ್ದಾಳೆ. ಹದಿನಾಲ್ಕು ಗಂಡು ಆಡು. ನಮ್ಮವು ನಾಲ್ಕು, ಉಳಿದವು ಅವಳ ಸಂಘದ ಮೂವರು ಹೆಣ್ಣುಮಕ್ಕಳವು. ದಸರೆಯಲ್ಲಿ ಮರಿ ತಂದು, ತೊಗರಿ ಹೊಟ್ಟು ಹಾಕಿ, ಕೊಂಬು ಮುರಿಯದಂತೆ, ಕಿವಿ ಹರಿಯದಂತೆ ಸಾಕಿದ್ದು. ಬಕ್ರೀದಿಗೆ ಊನ ಇಲ್ಲದ ಹೋತವೇ ಬೇಕು. ಹಬ್ಬ ಜೂನ್ ಏಳಕ್ಕೆ.

ಇಷ್ಟು ವರ್ಷ ಸಿಕಂದರ ಎಂಬ ದಲ್ಲಾಳಿ ಬಾಗಿಲಿಗೇ ಗಾಡಿ ತರುತ್ತಿದ್ದ. ಅವನು ಹೇಳಿದ್ದು ದರ. ಹೋದ ವರ್ಷ ಹೊನ್ನವ್ವ ತಾನು ಸಾಕಿದ ಹೋತವನ್ನೇ, ಅವನಿಗೆ ಕೊಟ್ಟ ದಿನವೇ, ಆಲಮೇಲದ ಸಂತೆಯಲ್ಲಿ ಕಂಡಳು. ಕೊಂಡವನನ್ನು ಕೇಳಿದಳು. ಬಾಗಿಲಲ್ಲಿ ಕೊಟ್ಟದ್ದರ ಒಂದೂವರೆ ಪಟ್ಟು. ಈ ವರ್ಷ ಸಂತೆಯಲ್ಲೇ ಮಾರುವುದೆಂದು ಹಟ. ದರ ಬಾಗಿಲಿಗಿಂತ ಹೆಚ್ಚು ಬಂದರೆ ಮುಂದಿನ ದಸರೆಗೆ ಇಪ್ಪತ್ತು ಮನೆಯ ಹೆಣ್ಣುಮಕ್ಕಳು ಸೇರುತ್ತಾರೆ, ಅವಳು ಅವರೆಲ್ಲರ ವ್ಯಾಪಾರಿ. ಬರದಿದ್ದರೆ ಎಲ್ಲರೂ ಮತ್ತೆ ಸಿಕಂದರನ ಗಾಡಿಗೆ.

ಒಂದೇ ತೊಡಕು. ಆ ಸಂತೆಯಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನು, ಮಾರುವವನು ಕೈ ಕೈ ಹಿಡಿದು ಮೇಲೆ ಟಾವೆಲ್ ಹೊದಿಸುತ್ತಾರೆ. ಬೆರಳು ಅಮುಕಿ ದರ. ಸುತ್ತ ನಿಂತವರಿಗೆ ಏನೂ ತಿಳಿಯದು. ಹೆಣ್ಣುಮಗಳ ಕೈಯನ್ನು ಪರಗಂಡಸು ಹಿಡಿಯುವಂತಿಲ್ಲ. ಹಾಗಾಗಿ ಅವಳು ಹಗ್ಗ ಹಿಡಿದು ನಿಲ್ಲಬಹುದು, ಮಾರುವಂತಿಲ್ಲ. ಯಾವ ಬೋರ್ಡಿನ ಮೇಲೂ ಇದನ್ನು ಬರೆದಿಲ್ಲ.

ಆದ್ದರಿಂದ ಆಕೆಯ ಕೈಯಾಗಿ ನಾನು. ಪಾತ್ರ ಸಣ್ಣದು. ಮಾತೇ ಇಲ್ಲ.

೧೧ ಮೇ, ಮಧ್ಯಾಹ್ನ ೩

ಕೆಟ್ಟಿತು.

ಎರಡು ಹೋತ ಒಯ್ದಿದ್ದೆವು — ನಮ್ಮದೊಂದು, ಸಂಘದ ಯಶೋಧಾಳದೊಂದು. ಬಿಸಿಲಿಗೆ ಮೊದಲೇ ಆಲಮೇಲ. ಕೈ ಚಾಚಿದವನು ಸಿಕಂದರನೇ. ಬಾಗಿಲಿಗೆ ಬರಬೇಡ ಅಂದದ್ದಕ್ಕೆ ಒಳಗೆ ಕುದಿಯುತ್ತಿದ್ದ, ಮೇಲೆ ನಗು. ಟಾವೆಲ್ ಬಿತ್ತು. ಅಂಗೈ ಪೂರಾ ಹಿಡಿದರೆ ಐದು ಸಾವಿರ. ಎರಡು ಸಲ ಹಿಡಿದ. ಆಮೇಲೆ ಒಂದು ಬೆರಳು. ನಿಲ್ಲಿಸಿದ.

ಹೊನ್ನವ್ವ ಹೇಳಿಕೊಟ್ಟದ್ದು ಹದಿನಾರು. ನನ್ನೊಳಗಿನ ರಾಜ ಎದ್ದ. ತಡೆಯಲಾಗಲಿಲ್ಲ.

“ಹನ್ನೊಂದೇ? ಈ ಗಜಗಾತ್ರದ ಹೋತಕ್ಕೆ ಬರೀ ಹನ್ನೊಂದು ಸಾವಿರವೇ?”

ಸಂತೆ ತಿರುಗಿತು. ಎತ್ತಿನ ಸಾಲಿನವರೂ ತಿರುಗಿದರು. ಸಿಕಂದರ ಮೆಲ್ಲಗೆ ಕೈ ಬಿಡಿಸಿಕೊಂಡು ಟಾವೆಲ್ ಕೊಡವಿದ. “ಮಾಸ್ತರ, ಇನ್ನ ನಾ ಯಾಕ ಹಿಡೀಲಿ? ಎಲ್ಲಾರಿಗೂ ಗೊತ್ತಾತಲ್ಲ.”

ಬಾಯಿಗೆ ಬಿದ್ದ ದರ ಅಲ್ಲೇ ನಿಲ್ಲುತ್ತದೆ. ಆಮೇಲೆ ಬಂದ ಐದು ಜನರೂ ಹನ್ನೊಂದರಿಂದಲೇ ಹಿಡಿದರು. ಕೊನೆಗೆ ಸಿಕಂದರನೇ ಮರಳಿ ಬಂದು ಐನೂರು ಏರಿಸಿದ. ಎರಡೂ ಅದಕ್ಕೇ ಹೋದವು.

ಮರಳುವಾಗ ಮೂರು ಗಾಲಿಯ ಟಂಟಂನಲ್ಲಿ ಹೊನ್ನವ್ವ ಭೀಮಾ ಹೊಳೆಯ ಕಡೆ ಮುಖ ಮಾಡಿ ಕೂತಿದ್ದಳು. ಊರ ಅಗಸಿ ಬಾಗಿಲು ಬಂದಾಗ ಒಂದೇ ಮಾತು.

“ನಿಮ್ಮ ಬಾಯಿಗೆ ಪರದಿ ಇಲ್ರಿ.”

೧೨ ಮೇ, ಮುಂಜಾನೆ ೭

ಯಶೋಧಾಳ ಗಂಡ ಅಪ್ಪಾಸಾಬ ಬಂದಿದ್ದ. ಕಟ್ಟೆಯ ಮೇಲೆ ಕೂರಲಿಲ್ಲ. ನಿಂತೇ.

“ಸಿಕಂದರ ಬಾಗಿಲಿಗೇ ಬಂದು ಹನ್ನೆರಡು ಕೊಡ್ತಿದ್ದ. ನೀವು ಗಾಡಿಬಾಡಿಗಿ ಕೊಟ್ಟು ಸಂತಿಗಿ ಹೋಗಿ ಹನ್ನೊಂದೂವರಿಗಿ ಮಾರಿ ಬಂದೀರಿ. ಚಲೋ ನಾಟಕ ಆತು ಮಾಸ್ತರ. ಟಿಕೀಟು ಮಾತ್ರ ನಾವು ತಗೊಂಡ್ವಿ.”

ಹೊನ್ನವ್ವ ಒಳಗಿನಿಂದ ಹೇಳಿದಳು: “ಇನ್ನ ಮೂರು ಸಂತಿ ಅದಾವ, ಅಪ್ಪಾಸಾಬ.”

೧೪ ಮೇ, ಮುಂಜಾನೆ ೮

ತಾಲೀಮು. ನಾನು ಕಲಿಸುತ್ತಿದ್ದವನು, ಈಗ ಕಲಿಯುವವನು.

ಹೊನ್ನವ್ವ ಎದುರು ಕೂತು ನಮ್ಮಿಬ್ಬರ ಕೈ ಮೇಲೆ ಕೌದಿ ಎಳೆದಳು. ಬಾಯಿ ತುಂಬ ಹುರಿದ ಶೇಂಗಾ ತುಂಬಿದಳು, ಮಾತಾಡದಂತೆ. ಬೆರಳು ಹಿಡಿದಳು. ಎಷ್ಟು ಚುರುಕು! ಹಿಡಿ, ಬಿಡು, ಅಮುಕು, ಅರ್ಧ ಬೆರಳು ಅಂದರೆ ಐನೂರು. ನಾನು ಲೆಕ್ಕ ಹಿಡಿಯುವುದರೊಳಗೆ ಮುಂದಿನ ದರಕ್ಕೆ ಹೋಗಿರುತ್ತಾಳೆ.

ಎಲ್ಲಿ ಕಲಿತಿ ಎಂದು ಕೇಳಿದೆ, ಶೇಂಗಾ ನುಂಗಿ.

“ನಮ್ಮಪ್ಪ ಆಡಿನ ವ್ಯಾಪಾರಿ ಅಲ್ಲೇನ್ರಿ. ಸಂತಿ ಹಿಂದಿನ ದಿನ ನನ್ನ ಕೈ ಹಿಡದು ತಾಲೀಮು ಮಾಡ್ತಿದ್ದ. ನಾ ಸೋತರ ಬೆಲ್ಲ ಇಲ್ಲ, ಅಪ್ಪ ಸೋತರ ಬೆಲ್ಲ. ಹನ್ನೆರಡಕ್ಕ ದೊಡ್ಡಾಕಿ ಆದೆ. ಸಂತಿ ಬಂದ್ ಆತು.”

ಮದುವೆಯಾಗಿ ಮೂವತ್ತಾರು ವರ್ಷ. ಇದು ನನಗೆ ಇಂದು ಗೊತ್ತಾಯಿತು. ಆ ಕೈ ಮೂವತ್ತಾರು ವರ್ಷ ನನಗೆ ರೊಟ್ಟಿ ಬಡಿದು ಹಾಕಿದೆ.

೧೮ ಮೇ, ಸಂಜೆ ೪

ಮತ್ತೆ ಸಂತೆ. ನಾಲ್ಕು ಹೋತ. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ನಿಂತೆ. ಒಂದು ಶಬ್ದ ಹೊರಬಿಡಲಿಲ್ಲ. ಸಾಕ್ಷಿಗೆ ಸಂತೆಯೇ ಇದೆ.

ಸಿಕಂದರ ನನ್ನ ಮುಖ ನೋಡುತ್ತ ಬೆರಳು ಅಮುಕಿದ, ಬಿಟ್ಟ, ಅಮುಕಿದ. ನಕ್ಕ. “ಮಾಸ್ತರ, ನಿಮ್ಮ ಹುಬ್ಬು ನೋಡಿದರ ಸಾಕು. ಯಾವ ದರಕ್ಕ ಕೊಡಾಂವ, ಯಾವ ದರಕ್ಕ ಕೊಡಂಗಿಲ್ಲ, ಎಲ್ಲಾ ಅಲ್ಲೇ ಬರದೈತಿ.”

ನಾಟಕದ ಹಿಂದಿನ ಸಾಲಿನವನಿಗೂ ಸಿಟ್ಟು, ದುಃಖ ಕಾಣಲಿ ಎಂದು ಬೆಳೆಸಿದ ಹುಬ್ಬು. ಈಗ ಅದಕ್ಕೆ ಟಾವೆಲ್ ಹೊದಿಸಲೇ?

ನಾಲ್ಕೂ ಮರಳಿ ಬಂದವು.

ಆದರೆ ಹೊನ್ನವ್ವ ಸೋತ ಮುಖದಲ್ಲಿರಲಿಲ್ಲ. “ನೋಡಿದ್ರೇನು? ಸಿಕಂದರ ದರ ಏರಸೂ ಮುಂದ ಪ್ರತಿ ಸಲ ಫೋನ್ ಹಚ್ಚತಾನ. ಆಪಾ, ಆಪಾ ಅಂತಾನ. ರೊಕ್ಕ ಅವಂದಲ್ಲ. ಅಕಿದು.”

೨೨ ಮೇ, ಮುಂಜಾನೆ ೯

ನಿನ್ನೆ ಹೊನ್ನವ್ವ ಒಬ್ಬಳೇ ಸಿಂದಗಿ ಬಸ್ ಹತ್ತಿದ್ದಳು. ಎಲ್ಲಿಗೆ ಎಂದು ಹೇಳಿರಲಿಲ್ಲ. ಮಧ್ಯಾಹ್ನ ಬಂದು, ಕಾಲು ತೊಳೆದು, ಚಹಾ ಕುಡಿದು ಹೇಳಿದಳು.

ಸಂತೆಯವರನ್ನು ಕೇಳಿ ಪತ್ತೆ ಹಚ್ಚಿದ್ದಳು: ಆ ಆಪಾ ಸಿಕಂದರನ ಅಕ್ಕ, ಶಮ್ಶುನ್ನೀಸಾ. ಗಂಡ ತೀರಿ ಒಂಬತ್ತು ವರ್ಷ. ಸಿಂದಗಿಯಲ್ಲಿ ಮಟನ್ ಅಂಗಡಿ ನಡೆಸುತ್ತಾಳೆ. ಹಬ್ಬಕ್ಕೆ ಮೂವತ್ತು ಮನೆಯವರು ಹೋತ ಕೊಡಿಸು ಎಂದು ಅವಳನ್ನೇ ನಂಬಿ ದುಡ್ಡು ಕೊಡುತ್ತಾರೆ. ಸಂತೆಯಲ್ಲಿ ಕೈ ಚಾಚುವಂತಿಲ್ಲ, ಆದ್ದರಿಂದ ತಮ್ಮನ ಕೈ. ತಮ್ಮ ಬಂದು ಹೇಳಿದ್ದೇ ಅವಳಿಗೆ ದರ.

“ಹನ್ನೊಂದೂವರಿ ಹೋತ ಅಕಿಗಿ ಎಷ್ಟಂತ ಹೇಳ್ಯಾನ ಗೊತ್ತೇನ್ರಿ? ಹದಿನೇಳು.”

ನಾನು ಲೋಟ ಕೆಳಗಿಟ್ಟೆ.

“ಮತ್ತ ಶಮ್ಶುನ್ನೀಸಾ ಏನಂದಳು?”

“ಕತ್ತಿ ತೊಳದು ಇಟ್ಟಳು. ಆಮ್ಯಾಲೆ ‘ಅಕ್ಕಾ, ನಿಮಗ ಬೆರಳಿನ ಹಿಸಾಬ್ ಬರತದ ಏನು’ ಅಂದಳು. ಕಲಸೇನಿ. ಅಂಗಡಿಯಾಗೇ ಕುಂತು, ಒಂದು ತಾಸು.”

ಇತ್ತ ಇವಳ ಕೈ ನಾನು. ಅತ್ತ ಅವಳ ಕೈ ಸಿಕಂದರ. ಒಂದು ಕೈಗೆ ಬಾಯಿ ದೊಡ್ಡದು, ಇನ್ನೊಂದಕ್ಕೆ ಜೇಬು. ಈ ಎರಡು ಕೈಗಳ ನಡುವೆ ಇಬ್ಬರು ಹೆಣ್ಣುಮಕ್ಕಳ ದುಡಿಮೆ ಸೋರಿಹೋಯಿತು.

೨೫ ಮೇ, ಮಧ್ಯಾಹ್ನ ೨

ಮಹಾಜನರೇ, ಎಷ್ಟೋ ನಾಟಕದ ಎಷ್ಟೋ ಪರದೆ ಎಳೆಸಿದ್ದೇನೆ. ಇಂಥ ದೃಶ್ಯ ಕಟ್ಟಿಲ್ಲ.

ಆಲಮೇಲದ ಸಂತೆ, ಬೇವಿನ ನೆರಳು. ಐದು ಹೋತ. ಸಿಂದಗಿಯಿಂದ ಶಮ್ಶುನ್ನೀಸಾ ಬಂದಳು. ದಪ್ಪ ಕನ್ನಡಕ, ಕೈಯಲ್ಲಿ ಬಟ್ಟೆಯ ಚೀಲ. ಹೋತಗಳ ಹಲ್ಲು ನೋಡಿದಳು, ಬೆನ್ನು ಒತ್ತಿದಳು, ಕಿವಿ ಮಡಚಿ ನೋಡಿದಳು. ಆಮೇಲೆ ಹೊನ್ನವ್ವನ ಎದುರು ಕುಕ್ಕರಗಾಲಲ್ಲಿ ಕೂತಳು.

ಹೊನ್ನವ್ವ ಸೆರಗಿನ ತುದಿ ಹರವಿ ಎರಡು ಕೈಗಳ ಮೇಲೆ ಹೊದಿಸಿದಳು.

ಮೊದಲು ಹತ್ತಿರದ ನಾಲ್ಕು ಜನ ಸುಮ್ಮನಾದರು. ಆಮೇಲೆ ಸಾಲು. ಆಮೇಲೆ ಚಹಾದವನ ಸ್ಟವ್ ಮಾತ್ರ ಕೇಳುತ್ತಿತ್ತು. ಹೆಗಲ ಮೇಲೆ ಟಾವೆಲ್ ಹಾಕಿಕೊಂಡ ಗಂಡಸರೆಲ್ಲ ಆ ಸೆರಗನ್ನೇ ನೋಡುತ್ತಿದ್ದರು. ಸೆರಗು ಸ್ವಲ್ಪ ಅಲುಗುತ್ತಿತ್ತು. ಅಷ್ಟೇ.

ಹೊನ್ನವ್ವನ ಮುಖ ಖಾಲಿ ಗೋಡೆ. ಶಮ್ಶುನ್ನೀಸಾ ಆಕಾಶ ನೋಡುತ್ತಿದ್ದಳು. ಒಮ್ಮೆ ಸೆರಗಿನ ಕೆಳಗೆ ಏನೋ ಆಯಿತು. ಶಮ್ಶುನ್ನೀಸಾ “ಯಾ ಅಲ್ಲಾ, ಅಕ್ಕಾ, ನನ್ನ ಬೆರಳ ಮುರದೀ” ಅಂದಳು. ಹೊನ್ನವ್ವ “ಹಂಗಾದ್ರ ಇನ್ನ ಅರ್ಧ ಬೆರಳು ಏರಸು” ಅಂದಳು. ಇಬ್ಬರೂ ನಕ್ಕರು. ಕೈ ಬಿಟ್ಟರು. ಆಯಿತು. ಐದೂ.

ಸಿಕಂದರ ದೂರದಲ್ಲಿ ಬೈಕಿಗೆ ಒರಗಿ ನಿಂತಿದ್ದ. ಅಕ್ಕ ಕರೆದು ಹಗ್ಗ ಕೊಟ್ಟಳು. “ಗಾಡಿಗಿ ಹಾಕು. ಬಾಡಿಗಿ ಕೊಡ್ತೇನಿ, ಕಮಿಷನ್ ಮಾತ್ರ ಕೇಳಬ್ಯಾಡ.”

ದಾರಿಯಲ್ಲಿ ಕೇಳಿದೆ. ಎಷ್ಟಕ್ಕೆ?

“ಯಾರ ಹೋತ ಎಷ್ಟಕ್ಕ ಹೋತು, ಅವರಿಗಷ್ಟ ಹೇಳ್ತೇನಿ.”

“ನನಗೂ ಹೇಳಂಗಿಲ್ಲೇನು?”

“ನಿಮಗ ಹೇಳೂದಂದ್ರ ಊರಿಗಿ ಡಂಗುರ ಹೊಡದಂಗ.”

ತಪ್ಪೇನಿಲ್ಲ. ಬರೆದಿಡುತ್ತೇನೆ: ದರ ನನಗೆ ತಿಳಿಯದು.

ಇನ್ನೊಂದು ಬರೆಯಬೇಕು. ಹೊರಡುವಾಗ ರಸೂಲಸಾಬ ಬಂದ. ಸಂತೆಯ ಹಿರಿಯ ವ್ಯಾಪಾರಿ, ಎಪ್ಪತ್ತು ದಾಟಿದೆ. “ಹೊನ್ನವ್ವಾ, ನಿಮ್ಮಪ್ಪನ ಕೈ ಹಿಡದು ವ್ಯಾಪಾರ ಮಾಡಿದಾಂವ ನಾನು. ಉಳದ ಏಳು ನನಗ ಬೇಕು. ಮುಂದಿನ ಸಂತಿಗಿ ಟಾವೆಲ್ ಕೆಳಗ ನನಗ ಕೈ ಕೊಡ್ತೀಯೇನವ್ವಾ?”

ಹೊನ್ನವ್ವ ನನ್ನ ಕಡೆ ನೋಡಲಿಲ್ಲ. “ಬರ್ತೇನ್ರಿ ಕಾಕಾ,” ಅಂದಳು.

ಬರ್ತೇನಿ. ಬರ್ತೇವಿ ಅಲ್ಲ.

೨೬ ಮೇ

ಊಟ ಸೇರಲಿಲ್ಲ. ಬರೆಯಲು ಮನಸ್ಸಿಲ್ಲ.

೩೦ ಮೇ, ಮುಂಜಾನೆ ೧೦

ಮೂರು ದಿನ ಈ ಹಾಳೆ ತೆರೆಯಲಿಲ್ಲ. ಹೋಟೆಲಿನಲ್ಲಿ ಇಂದು ನಡೆದದ್ದು.

ಅಪ್ಪಾಸಾಬ, ಜೊತೆಗೆ ಸಂಘದ ಉಳಿದಿಬ್ಬರ ಗಂಡಂದಿರು. ನನಗಾಗಿ ಕಾದಿದ್ದರು, ಚಹಾ ಮೊದಲೇ ಹೇಳಿದ್ದರು.

“ಮಾಸ್ತರ, ಯಶೋಧಾಳ ಹೋತ ಎಷ್ಟಕ್ಕ ಹೋತು?”

“ಅಕಿನ್ನ ಕೇಳು.”

“ಕೇಳೇನಿ. ‘ಹನ್ನೆರಡಕ್ಕಿಂತ ಹೆಚ್ಚು ಬಂದಾವ, ಸಾಕು ತಿಳಕೋ’ ಅಂತಾಳ. ರೊಕ್ಕ ಪೋಸ್ಟಿನಾಗ ತನ್ನ ಹೆಸರಿಗಿ ಇಟ್ಟಾಳ. ಹದಿನೈದು ವರ್ಷದಾಗ ಹಿಂಗ ಮಾತಾಡಿದಾಕಿ ಅಲ್ಲ.” ಚಹಾ ಆರಿಸಿ ಒಂದು ಗುಟುಕು ಕುಡಿದ. “ಹೋಗಲಿ. ದರ ಬಂದಾವ, ನಾ ಇಲ್ಲ ಅನ್ನಂಗಿಲ್ಲ. ಆದರ ನಾಡದು ರಸೂಲಸಾಬನ ಕೈ ಹಿಡಿತಾಳಂತ. ಊರ ಹೆಣಮಗಳು, ಸಂತಿ ನಡುವ, ಟಾವೆಲ್ ಕೆಳಗ.”

“ಅಜ್ಜ ಆಗ್ಯಾನ ಅಂವ.”

“ಇವತ್ತು ಅಜ್ಜ. ಬರೂ ವರ್ಷ ಯಾರೋ. ಫೋನಿನಾಗ ಅಂಕಿ ಒತ್ತಿ ತೋರಸಾಕ ಆಗಂಗಿಲ್ಲೇನು?”

ಇದನ್ನು ನಾನೂ ಹೊನ್ನವ್ವನಿಗೆ ಕೇಳಿದ್ದೆ. ಅವಳ ಉತ್ತರ ಹೇಳಿದೆ: ಫೋನಿನ ಅಂಕಿ ಅಳಿಸಬಹುದು, ಆ ಸಂತೆಯಲ್ಲಿ ಕೈಯಲ್ಲಿ ಆದ ದರವನ್ನು ಮಾತ್ರ ಯಾರೂ ತಿರುಗಿಸುವುದಿಲ್ಲ.

ಅಪ್ಪಾಸಾಬ ಲೋಟ ಇಟ್ಟ. “ಅಕಿ ನಿನ್ನ ಹೇಣ್ತಿ. ನೀ ಗಂಡ ಆಗಿ ಹೂಂ ಅಂದ್ರ ನಮ್ಮ ಮೂರೂ ಸಂತಿಗಿ ಕಳಸ್ತೇನಿ, ಉಳದವರೂ ಕಳಸ್ತಾರ. ಊಹೂಂ ಅಂದ್ರ ಸಿಕಂದರ ಮುಂಜಾನೆ ಆರಕ್ಕ ಗಾಡಿ ತರ್ತೇನಂದಾನ. ನಿನ್ನ ಹಿತ್ತಲದಾಗಿನ ನಮ್ಮ ಹೋತ ಬಿಚ್ಚಿ ಅವನ ಗಾಡಿಗಿ ಹಾಕ್ತೇವಿ. ಜವಾಬು ಸಂತಿ ದಿನ ಮುಂಜಾನೆ ಕೊಡು.”

ಏಳರಲ್ಲಿ ನಮ್ಮವು ಎರಡೇ. ಮೂರು ಯಶೋಧಾಳವು, ಎರಡು ಬೇರೆ ಮನೆಗಳವು. ಆ ಐದು ಸಿಕಂದರನ ಗಾಡಿ ಹತ್ತಿದರೆ ರಸೂಲಸಾಬನಿಗೆ ಕೊಟ್ಟ ಮಾತು ಮುರಿಯಿತು. ಮುಂದಿನ ದಸರೆಗೆ ಇಪ್ಪತ್ತು ಮನೆಯಲ್ಲ, ಒಂದೂ ಬರುವುದಿಲ್ಲ. ಹೊನ್ನವ್ವನ ವ್ಯಾಪಾರ ನಾಡದು ಬೆಳಿಗ್ಗೆ ಶುರುವಾಗಬೇಕು ಅಥವಾ ಮುಗಿಯಬೇಕು. ಅದು ನನ್ನ ಬಾಯಲ್ಲಿದೆ. ಎಂಥ ವಿಚಿತ್ರ. ಸಂತೆಯಲ್ಲಿ ಮುಚ್ಚು ಅಂದ ಬಾಯಿ.

ಹೂಂ ಅನ್ನಲಿಲ್ಲ. ಊಹೂಂ ಅನ್ನಲಿಲ್ಲ. ಚಹಾ ಅಲ್ಲೇ ಬಿಟ್ಟು ಬಂದೆ.

ಯಾಕೆ ಹೂಂ ಅನ್ನಲಿಲ್ಲ? ಇಲ್ಲಿ ಯಾರೂ ಓದುವುದಿಲ್ಲ, ಬರೆಯಬಹುದು. ಅವಳ ಕೈಯನ್ನು ಪರಗಂಡಸು ಹಿಡಿಯುವುದು ನನಗೂ ಬೇಡ. ಅಪ್ಪಾಸಾಬ ಹೇಳಿದ್ದು ನನ್ನ ಮಾತೇ. ನಾನು ಹೇಳಿಕೊಳ್ಳದ್ದನ್ನು ಅವನು ಹೇಳಿದ.

೩೧ ಮೇ, ಸಂಜೆ ೬

ಇಂದು ಯಶೋಧಾ ಬಂದಿದ್ದಳು. ಹೋತಗಳಿಗೆ ಕೊನೆಯ ಹೊಟ್ಟು ಹಾಕಲು. ನನ್ನ ಎದುರು ನಿಂತು, ಸೆರಗು ಸರಿಮಾಡಿಕೊಂಡು ಹೇಳಿದಳು.

“ಮಾಮಾ, ನಿಮ್ಮ ಮಾತಿಗಿ ನಮ್ಮವರು ಕಾದು ಕುಂತಾರ. ಹೂಂ ಅನ್ರಿ ಅಂತ ನಾ ಕೇಳಾಕ ಬಂದಿಲ್ಲ. ಎಂಟು ತಿಂಗಳ ಹೊಟ್ಟು ಹಾಕಿದಾಕಿ ನಾನು, ಹೂಂ ಯಾಕ ನಿಮ್ಮದು ಅಂತ ಕೇಳಾಕ ಬಂದೇನಿ.”

ಜವಾಬಿಗೆ ಕಾಯದೆ ಬುಟ್ಟಿ ಎತ್ತಿಕೊಂಡು ಹೋದಳು.

ಹೊನ್ನವ್ವ ಹಿತ್ತಿಲಲ್ಲಿ ಹೋತದ ಕೊಂಬಿಗೆ ಎಣ್ಣೆ ಸವರುತ್ತಿದ್ದಳು. ಹೋಗಿ ಹತ್ತಿರ ಕೂತೆ. ಬಹಳ ವರ್ಷಗಳ ಒಂದು ಪ್ರಶ್ನೆ ಕೇಳಿದೆ. ನಾಲತವಾಡದಲ್ಲಿ, ಬಾಗೇವಾಡಿಯಲ್ಲಿ, ಮುದ್ದೇಬಿಹಾಳದಲ್ಲಿ, ಸಾವಿರ ಜನರ ಎದುರು, ಬೆಳಕಿನಲ್ಲಿ, ನಾಯಕಿಯ ಕೈ ಹಿಡಿದು ನಿಂತಿದ್ದೇನೆ. ಕೈ ಹಿಡಿದೇ ಎರಡೆರಡು ಪದ ಹಾಡಿದ್ದೇನೆ. ಜನ ಒನ್ಸ್‌ಮೋರ್ ಅಂದರೆ ಮತ್ತೆ ಹಿಡಿದಿದ್ದೇನೆ. ನೀನು ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮುಂದಿನ ಚಾಪೆಯಲ್ಲಿ ಕೂತು ನೋಡುತ್ತಿದ್ದಿ. ನಿನಗೆ ಏನೂ ಅನ್ನಿಸಲಿಲ್ಲವೇ?

ಎಣ್ಣೆ ಸವರುತ್ತಲೇ ಹೇಳಿದಳು.

“ಅನಸಲಾರದ ಏನ್ರಿ? ಆದರ ಅದು ನಿಮ್ಮ ದಗದ ಆಗಿತ್ತಲ್ರಿ. ಮನಿ ಅದರ ಮ್ಯಾಲೆ ನಡೀತಿತ್ತು.”

ಇದು ನನ್ನ ದಗದ, ನನ್ನ ಕೆಲಸ ಎಂದು ಹೇಳಲಿಲ್ಲ. ಹೇಳಿದ್ದರೆ ಉತ್ತರ ಕೊಡುತ್ತಿದ್ದೆ, ವಾದ ಮಾಡುತ್ತಿದ್ದೆ, ದನಿ ಏರಿಸುತ್ತಿದ್ದೆ. ಅವಳು ಕೊಂಬಿನ ಎಣ್ಣೆಯನ್ನು ಬಟ್ಟೆಯಿಂದ ಒರೆಸಿದಳು, ಮುಂದಿನ ಹೋತಕ್ಕೆ ಹೋದಳು. ಏಳೂ ಮುಗಿಯುವವರೆಗೆ ಅಲ್ಲೇ ಕೂತಿದ್ದೆ.

ಆಮೇಲೆ ಕೇಳಿದಳು: “ನಾಳೆ ಯಾರ ಜವಾಬು ಕೇಳಿ ಗಾಡಿ ಹೇಳ್ಲಿ? ನಿಮ್ಮದೋ, ಅಪ್ಪಾಸಾಬಂದೋ?”

“ನಿನ್ನದೇ ಹೇಳು,” ಅಂದೆ. ಬಹಳ ಮೆಲ್ಲಗೆ ಬಂತು. ಅವಳು ತಲೆ ಎತ್ತಿ ನೋಡಿದಳು, ಹುಷಾರಿಲ್ಲವೇನೋ ಎಂಬಂತೆ. ಫೋನ್ ತೆಗೆದು ಟಂಟಂನವನಿಗೆ ಹೇಳಿದಳು: ಏಳು ಹೋತ, ಐದೂಮುಕ್ಕಾಲಿಗೆ.

ಮಹಾಜನರೇ, ಹೀಗೆ ಮಾಡುವುದೆಂದು ನಿಶ್ಚಯ. ನಾಳೆ ಮುಂಜಾನೆ ಐದಕ್ಕೆ ಏಳುತ್ತೇನೆ. ಸಿಕಂದರನ ಗಾಡಿ ಬರುವ ಮೊದಲು ಅಪ್ಪಾಸಾಬನ ಬಾಗಿಲಿಗೆ ಹೋಗುತ್ತೇನೆ. ಭಾಷಣ ಇಲ್ಲ, ಹುಬ್ಬು ಇಲ್ಲ. ಜವಾಬು ಕೇಳುತ್ತಾನೆ. ಹೂಂ ಅನ್ನಲು ಆ ಹೋತಗಳು ನನ್ನವಲ್ಲ, ಆ ಕೈಯೂ ನನ್ನದಲ್ಲ, ನಿನ್ನ ಮನೆಯಲ್ಲಿ ಯಶೋಧಾ ಇದ್ದಾಳೆ, ಅವಳನ್ನು ಕೇಳು ಎನ್ನುತ್ತೇನೆ. ಅವನು ಕೂಗಬಹುದು. ಕೂಗಲಿ. ಯಶೋಧಾ ಒಳಗಿನಿಂದ ಕೇಳುವಷ್ಟು ಗಟ್ಟಿಯಾಗಿ ಒಂದು ಸಲ ಮಾತ್ರ ನಾನೂ ಹೇಳುತ್ತೇನೆ, ಅಷ್ಟು ಕಂಠ ಇನ್ನೂ ಇದೆ. ಆಮೇಲೆ ಟಂಟಂ ಹತ್ತುವುದಿಲ್ಲ. ಅಗಸಿಯವರೆಗೆ ಅದರ ಹಿಂದೆ ನಡೆದು, ಊರೆಲ್ಲ ನೋಡುವಂತೆ ಅಲ್ಲೇ ನಿಂತು, ಹೊನ್ನವ್ವ ಒಬ್ಬಳೇ ಸಂತೆಗೆ ಹೋಗುವಾಗ ಕೈ ಬೀಸುತ್ತೇನೆ.